ಸೂಜಿಯ ಮೊನೆಯ ಬೆಳಕು

"ಮುಟ್ಟಬೇಡಿ, ಡಾಕ್ಟರಮ್ಮ!"

ಚಿತ್ರದ ಮೇಲೆ ಬಾಗಿದ್ದ ಬೆರಳು ಅಲ್ಲೇ ನಿಂತಿತು. ಮೂವತ್ತೆಂಟು ವರ್ಷ ಹೆರಿಗೆ ಮಾಡಿಸಿದ ಕೈ ಅದು, ಬೇಡ ಅನ್ನಿಸಿಕೊಂಡು ಅಭ್ಯಾಸವಿಲ್ಲದ್ದು. ಡಾಕ್ಟರಮ್ಮ ಅದನ್ನು ನಿಧಾನವಾಗಿ ಸ್ವೆಟರಿನ ಜೇಬಿಗೆ ಸೇರಿಸಿದರು.

"ನನ್ನ ಮನೆ, ನನ್ನ ಫೋಟೋ. ನಾನೇ ಮುಟ್ಟಬಾರದಾ?"

"ನಿನ್ನೆವರೆಗೆ ನಿಮ್ಮ ಫೋಟೋ. ಇವತ್ತು ಅದು ಸಾಕ್ಷಿ."

ಹೀಗೆ ಹೇಳಿದವಳ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಮಸೂರವೊಂದು ತೂಗುತ್ತಿತ್ತು. ಹಳೆಯ ಛಾಯಾಚಿತ್ರ ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದು ಅವಳ ಕಸುಬು. ಆ ಕಸುಬಿನವರೆಲ್ಲ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಕಿಸಕ್ಕೆಂದು.

ಡಾಕ್ಟರಮ್ಮ ಇಪ್ಪತ್ತಾರು ವರ್ಷಗಳಿಂದ ಒಂದೊಂದಾಗಿ ಕೂಡಿಸಿದ ನೂರ ಹನ್ನೆರಡು ಛಾಯಾಚಿತ್ರಗಳಲ್ಲಿ ನಲವತ್ತೊಂದನೆಯದನ್ನು ಯಾರೋ ಎತ್ತಿಕೊಂಡು, ಅದರ ಜಾಗದಲ್ಲಿ ನಕಲು ಇಟ್ಟಿದ್ದಾರೆ ಎಂದು ಅವಳು ಕಂಡುಹಿಡಿದದ್ದು ನಿನ್ನೆ ಸಂಜೆ. ಇವತ್ತು ಸಂಜೆ ಐದಕ್ಕೆ ಮ್ಯೂಸಿಯಂನವರು ಬರುತ್ತಾರೆ. ಅವರ ಷರತ್ತು ಒಂದೇ: ನೂರ ಹನ್ನೆರಡೂ ಅಸಲಿ ಎಂದು ಭೂತಗನ್ನಡಿಯ ಸಹಿ ಬೀಳಬೇಕು. ಒಂದು ಕೆಟ್ಟರೆ ಒಂದನ್ನೂ ಒಯ್ಯುವುದಿಲ್ಲ.

ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

"ಸೂಜಿಯ ಹೊಳಪು ಇಲ್ಲ ಅಂದ್ರಲ್ಲ ನಿನ್ನೆ," ಡಾಕ್ಟರಮ್ಮ ಮತ್ತೆ ಬಾಗಿದರು. "ಸರಿಯಾಗಿ ನೋಡಿದ್ರಾ? ಇರಲೇಬೇಕು ಅದು."

"ನೀವೇ ನೋಡಿ."

ಕಿಟಕಿಯ ಪಕ್ಕ ಕುಳಿತ ಹುಡುಗಿಯೊಬ್ಬಳು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಬಾಗಿದ ಮುಖದ ಅರ್ಧ ನೆರಳಿನಲ್ಲಿದೆ. ದಾರ ಹಿಡಿದ ಬೆರಳುಗಳು ಬಿಗಿದುಕೊಂಡಿವೆ. ಕಿರುಬೆರಳು ಮಾತ್ರ ಒಳಕ್ಕೆ ಮುದುಡಿ, ತನಗೂ ಈ ಕೆಲಸಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ನಿಂತಿದೆ. ಪುಸ್ತಕಗಳಲ್ಲಿ ಅಚ್ಚಾದ ಪ್ರತಿಯಲ್ಲೆಲ್ಲ ಆ ಸೂಜಿಯ ಮೊನೆಯಲ್ಲಿ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿಯೊಂದಿದೆ. ಇಡೀ ಚಿತ್ರ ಉಸಿರಾಡುವುದೇ ಅಲ್ಲಿಂದ. ಮೇಜಿನ ಮೇಲಿದ್ದ ಪ್ರತಿಯಲ್ಲಿ ಆ ಜಾಗ ಬರೀ ಬೂದು.

ಅದೊಂದೇ ಆಗಿದ್ದರೆ ಅನುಮಾನಕ್ಕೆ ಎಡೆಯಿತ್ತು. ಆದರೆ ಭೂತಗನ್ನಡಿ ನೇರಳೆ ದೀಪವನ್ನೂ ಹಿಡಿದು ನೋಡಿದ್ದಳು. ಕಾಗದ ಬೆಳ್ಳಗೆ ಕಾಣಲೆಂದು ಅದಕ್ಕೆ ಬೆರೆಸುವ ಒಂದು ಮದ್ದಿದೆ. ನೇರಳೆ ದೀಪ ಬಿದ್ದರೆ ಅಂಥ ಕಾಗದ ನೀಲಿಯಾಗಿ ಬೆಳಗುತ್ತದೆ. ಈ ಚಿತ್ರ ತೆಗೆದ ಛಾಯಾಗ್ರಾಹಕರು ಮಹಾ ಹಟಮಾರಿ, ಸಾಯುವವರೆಗೂ ಆ ಮದ್ದು ಬೆರೆತ ಕಾಗದ ಮುಟ್ಟಿದವರಲ್ಲ. ಅವರ ಕೈಯ ಪ್ರಿಂಟು ದೀಪದಡಿ ಸತ್ತ ಹಾಗೆ ಮಂಕಾಗಿರಬೇಕು. ಇದು ಹಬ್ಬದ ಮನೆಯ ಹಾಗೆ ಝಗಝಗಿಸಿತ್ತು.

ಆಗ ಡಾಕ್ಟರಮ್ಮ ಕೇಳಿದ್ದು, "ಇಂಥ ದೀಪವೂ ಇದೆಯಾ?" ಎಂದು.

ಕಳ್ಳತನ ಆಯಿತೆಂದು ಕೇಳಿದವರು ಮೊದಲು ಕೇಳುವುದು ಯಾರು ಅಂತ. ಇವರು ದೀಪದ ಬಗ್ಗೆ ಕೇಳಿದರು. ಭೂತಗನ್ನಡಿಗೆ ಅದು ನಿನ್ನೆಯಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು. ಆಘಾತವಾದಾಗ ಮನುಷ್ಯರು ಏನೇನೋ ಕೇಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ಈ ಕೋಣೆಯ ಬೀಗದ ಕೈ ಮೂರು ಜನರ ಹತ್ತಿರ ಇದೆ ಅಂದ್ರಿ."

"ನಾನು. ನನ್ನ ತಂಗಿ. ಫ್ರೇಮ್ ಮೇಷ್ಟ್ರು." ಡಾಕ್ಟರಮ್ಮ ಬಾಗಿಲಿಗೆ ನಡೆದರು. "ನನ್ನ ತಂಗಿಯನ್ನ ಬಿಟ್ಟುಬಿಡಿ. ಈ ಡಬ್ಬಿಗಳನ್ನ ಮಕ್ಕಳ ಹಾಗೆ ನೋಡ್ಕೊಂಡವಳು ಅವಳು. ಇನ್ನು ಉಳಿದಿರೋದು ಒಬ್ಬರೇ, ಲೆಕ್ಕ ನಿಮಗೇ ಬರುತ್ತಲ್ಲ."

ಬಾಗಿಲು ಮುಚ್ಚಿತು. ಕೋಣೆಯನ್ನು ತಣ್ಣಗಿಡುವ ಯಂತ್ರ ಗುಂಯ್‌ಗುಟ್ಟಿತು.

ಒಬ್ಬಳೇ ಆದಾಗ ಭೂತಗನ್ನಡಿ ಮಸೂರವನ್ನು ಸೂಜಿಯ ಮೊನೆಗೆ ತಂದಳು. ಎಡಗಣ್ಣು ಮುಚ್ಚಿದಳು. ಇನ್ನೂ ಬಗ್ಗಿದಳು.

ಬೂದು ಅಲ್ಲಿ ಅಚ್ಚಾಗಿ ಬಂದದ್ದಲ್ಲ. ಹಚ್ಚಿದ್ದು.

ಬೆಳಕಿನ ಚುಕ್ಕಿ ಪ್ರಿಂಟಿನಲ್ಲಿತ್ತು; ಯಾರೋ ಅದರ ಮೇಲೆ ಕೂದಲೆಳೆಯ ಬ್ರಷ್ಷಿನಿಂದ ಬಣ್ಣ ಮುಟ್ಟಿಸಿ ಅಳಿಸಿದ್ದರು. ಡಾರ್ಕ್‌ರೂಮಿನಲ್ಲಿ ಧೂಳು ಕೂತರೆ ಪ್ರಿಂಟಿನ ಮೇಲೆ ಬಿಳಿ ಚುಕ್ಕಿಗಳು ಬರುತ್ತವೆ, ಅವನ್ನು ಹೀಗೆ ಒಂದೊಂದಾಗಿ ಮುಚ್ಚುತ್ತಾರೆ. ಈ ಚಿತ್ರದಲ್ಲೂ ಅಂಥ ಹದಿನಾಲ್ಕು ಜಾಗಗಳಿದ್ದವು. ಹದಿಮೂರು ಧೂಳು. ಹದಿನಾಲ್ಕನೆಯದು ಸೂಜಿ.

ಬಣ್ಣದ ಸುತ್ತ ಬಸವನಹುಳು ಹರಿದಂಥ ತೆಳ್ಳನೆ ಮಿರುಗು. ಎಂಜಲು! ಬ್ರಷ್ಷಿನ ತುದಿ ಚೂಪಾಗಲೆಂದು ನಾಲಿಗೆಗೆ ತಾಗಿಸಿದ್ದಾರೆ. ಪುಸ್ತಕ ಓದಿ ಕಲಿತವರು ಇದನ್ನು ಮಾಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪರರ ಮುಖದ ಮೊಡವೆ ಅಳಿಸುತ್ತ ಕೂತ ಸ್ಟುಡಿಯೋದ ಕೈಗಳು ಮಾಡುತ್ತವೆ. ಬಿಳಿ ಕಂಡರೆ ಮುಚ್ಚು, ಯೋಚಿಸಬೇಡ. ಅವಳಿಗೆ ಗೊತ್ತಿತ್ತು, ಯಾಕೆಂದರೆ ಅವಳೂ ಇಪ್ಪತ್ತೆರಡರ ವಯಸ್ಸಿನಲ್ಲಿ ಅಂಥದೇ ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಆ ಬಣ್ಣದ ಕಹಿ ಇನ್ನೂ ನಾಲಿಗೆಯ ಮೇಲಿತ್ತು.

* * *

ಫ್ರೇಮ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಗಿರಾಕಿಗಳನ್ನು ಬೈಯುವ ರೀತಿಗೆ ಬಂದ ಹೆಸರು ಅದು. ಅಂಗಡಿಯ ತುಂಬ ಗಾಜಿನ ಹಾಳೆಗಳು, ಗೋಡೆಗೊರಗಿಸಿದ ಮರದ ಪಟ್ಟಿಗಳು, ಹೊಟ್ಟಿನ ಘಾಟು.

"ಬನ್ನಿ ಭೂತಗನ್ನಡಿ ಮೇಡಂ. ನನ್ನನ್ನ ಹಿಡ್ಕೊಂಡು ಹೋಗೋಕೆ ಬಂದ್ರಾ? ಈ ಮೂಲೆ ಒಂದು ಅಂಟಿಸಿಬಿಡ್ತೀನಿ, ಆಮೇಲೆ ಹೊರಡೋಣ."

"ಯಾರು ಹೇಳಿದ್ರು ನಿಮಗೆ?"

"ಡಾಕ್ಟರಮ್ಮ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ ಬೈದ್ರು. ಬೈಗುಳದಲ್ಲೇ ಅರ್ಧ ಕಥೆ ಗೊತ್ತಾಯ್ತು."

ಅವಳು ಮಾತಾಡದೆ ಒಂದು ಕಾಗದ, ಒಂದು ಸಣ್ಣ ಬ್ರಷ್ಷು ಮುಂದಿಟ್ಟಳು. ಕಾಗದದ ಮೇಲೆ ಮೂರು ಪುಟಾಣಿ ಸೊನ್ನೆ ಬರೆದಿದ್ದಳು. "ಇವನ್ನ ತುಂಬಿ."

ಮೇಷ್ಟ್ರು ಬ್ರಷ್ಷನ್ನೂ ಅವಳನ್ನೂ ನೋಡಿದರು. ಆಮೇಲೆ ಬಲಗೈ ಎತ್ತಿ ಗಾಳಿಯಲ್ಲಿ ಹಿಡಿದು ತೋರಿಸಿದರು. ಕೈ ತಂತಿಯ ಮೇಲಿನ ಬಟ್ಟೆಯ ಹಾಗೆ ಅಲ್ಲಾಡುತ್ತಿತ್ತು.

"ವರ್ಷವಾಯ್ತು. ಟೀ ಕುಡಿಯೋಕೆ ಕೂತರೆ ಅರ್ಧ ನಾನು ಕುಡೀತೀನಿ, ಅರ್ಧ ನೆಲ ಕುಡಿಯುತ್ತೆ. ಕತ್ತರಿಸೋದೆಲ್ಲ ಈಗ ಯಂತ್ರದ್ದೇ. ಗಿರಾಕಿಗಳಿಗೆ ಹೇಳಬೇಡಿ."

ಅವಳಿಗೆ ನಾಚಿಕೆಯಾಯಿತು. ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡಳು. "ಕ್ಷಮಿಸಿ, ಮೇಷ್ಟ್ರೇ."

"ಕ್ಷಮೆ ಇರಲಿ. ಏನು ಕಂಡ್ರಿ ಅದರಲ್ಲಿ?"

"ನಾಲಿಗೆ ತಾಗಿಸಿದ ಬ್ರಷ್ಷು. ಸ್ಟುಡಿಯೋ ಕೈ."

ಮೇಷ್ಟ್ರ ಅಲ್ಲಾಡುವ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಇನ್ನೊಂದು ಕೈಯಿಂದ ಅವರು ಅಂಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಡಾಕ್ಟರಮ್ಮ ಮೆಡಿಕಲ್ ಓದುವಾಗ ಆ ಮನೆ ಹೇಗೆ ನಡೀತು ಅಂತ ಯಾರಾದ್ರೂ ನಿಮಗೆ ಹೇಳಿದ್ದಾರಾ?" ಎಂದರು. "ಹೇಳಿರಲ್ಲ. ನಾನೂ ಹೇಳಲ್ಲ. ಡಾಕ್ಟರಮ್ಮನ ತಂಗಿ ಕೈಯಿಂದ ನಾನು ಎಷ್ಟೋ ಸಲ ಊಟ ಮಾಡಿದ್ದೀನಿ. ಹೋಗಿ, ಅವರನ್ನೇ ಕೇಳ್ಕೊಳ್ಳಿ."

* * *

ವಾಪಸು ಬರುವಷ್ಟರಲ್ಲಿ ಮೂರೂವರೆ. ದಾರಿಯುದ್ದಕ್ಕೂ ಹಳೆಯದೊಂದು ಸಹಿ ಅವಳಿಗೆ ನೆನಪಾಗುತ್ತಿತ್ತು.

ಎಂಟು ವರ್ಷದ ಹಿಂದೆ ಒಂದು ಮನೆಯಲ್ಲಿ ಹೀಗೇ ಒಂದು ಸಂಗ್ರಹ ನೋಡಲು ಹೋಗಿದ್ದಳು. ಯಜಮಾನರು ತಾವೇ ಕುರ್ಚಿ ಎಳೆದು ಕೊಟ್ಟರು, ತಲೆನೋವಿಗೆ ಮಾತ್ರೆ ತರಿಸಿದರು. ಅಂಥವರ ಎದುರು ದೀಪ ತೆಗೆದು ಹಿಡಿಯಲು ಅವಳಿಗೆ ಸಂಕೋಚವಾಯಿತು. ಅನುಮಾನಿಸಿದ ಹಾಗಾಗುತ್ತದಲ್ಲ! ಸಹಿ ಹಾಕಿಬಿಟ್ಟಳು. ಆ ಪ್ರಿಂಟು ನಕಲು ಎಂದು ಆರು ತಿಂಗಳಲ್ಲಿ ಊರಿಗೆಲ್ಲ ಗೊತ್ತಾಯಿತು. ಅಲ್ಲಿಂದೀಚೆಗೆ ಯಾರೂ ಅವಳ ಸಹಿ ಕೇಳಿರಲಿಲ್ಲ. ಮ್ಯೂಸಿಯಂನವರು ಕೊಟ್ಟ ಮೂರು ಹೆಸರುಗಳಲ್ಲಿ ಡಾಕ್ಟರಮ್ಮ ಅವಳದನ್ನೇ ಆರಿಸಿದ್ದು ತಿಳಿದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಇವತ್ತು ತಪ್ಪಿದರೆ ಇನ್ನೊಂದು ಸಲ ಇಲ್ಲ. ಸುಳ್ಳು ಸಹಿ ಹಾಕಿದರೂ ಇಲ್ಲ; ಹಾಕದೆ ಈ ಮನೆಯನ್ನು ಬರಿಗೈ ಮಾಡಿ ಹೊರಟರೂ, ಆಮೇಲೆ ಯಾರು ಬಾಗಿಲು ತೆರೆದಾರು?

ಮೊದಲು ರಿಜಿಸ್ಟರು ತೆಗೆದು ಕೂತಳು. ಚಿತ್ರಗಳ ವಿವರವೆಲ್ಲ ಅದರಲ್ಲಿ ದುಂಡನೆಯ ಅಕ್ಷರದಲ್ಲಿತ್ತು. ಡಾಕ್ಟರಮ್ಮನ ಪದ್ಧತಿ ಆ ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಚಿತ್ರದಲ್ಲಿ ಹೆಂಗಸಿನ ಕೈ ಕಾಣಬೇಕು, ಆ ಕೈ ಕೆಲಸದಲ್ಲಿರಬೇಕು. ತೆಗೆದವರೇ ಡಾರ್ಕ್‌ರೂಮಿನಲ್ಲಿ ನಿಂತು ಮಾಡಿದ ಪ್ರಿಂಟಾಗಿರಬೇಕು. ಮನೆಗೆ ತಂದದ್ದನ್ನು ಹಾಸಿಗೆಯ ಎದುರು ಗೋಡೆಗೆ ಒಂದು ತಿಂಗಳು ಹಾಕುವರು. ತಿಂಗಳ ಕೊನೆಗೂ ಬೇಸರ ಬರದಿದ್ದರೆ ಒಪ್ಪಿಗೆ, ಬಂದರೆ ವಾಪಸು. ಎಷ್ಟು ದೊಡ್ಡ ಹೆಸರಿನವರದಾದರೂ ಸರಿಯೇ.

ರಿಜಿಸ್ಟರಿನಲ್ಲಿ ಎರಡು ಖಾನೆ. ಬಂದ ದಿನ, ಒಪ್ಪಿದ ದಿನ. ನಲವತ್ತು ಸಾಲುಗಳಲ್ಲಿ ಎರಡರ ನಡುವೆ ಸರಿಯಾಗಿ ಒಂದು ತಿಂಗಳು.

ಹದಿನೇಳು ವರ್ಷದ ಹಿಂದಿನ ನಲವತ್ತೊಂದನೆಯ ಸಾಲಿನಲ್ಲಿ ಎರಡೂ ಒಂದೇ ದಿನ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ ನಕಲು ಪ್ರಿಂಟನ್ನು ಎರಡು ರಟ್ಟುಗಳ ನಡುವೆ ಇಟ್ಟುಕೊಂಡು, ದೀಪದ ಚೀಲ ಹೆಗಲಿಗೆ ಹಾಕಿ ಮಹಡಿ ಹತ್ತಿದಳು.

* * *

ಡಾಕ್ಟರಮ್ಮನ ತಂಗಿ, ಆ ಮನೆಗೆ ಬಂದುಹೋಗುವವರಿಗೆಲ್ಲ ಚಿಕ್ಕಮ್ಮ, ಇಸ್ತ್ರಿ ಮಾಡುತ್ತಿದ್ದರು. ಮುಂದೆ ಹತ್ತಿಯ ಬಿಳಿ ಕೈಗವಸುಗಳ ರಾಶಿ. ಫೋಟೋ ಮುಟ್ಟುವವರು ಹಾಕಿಕೊಳ್ಳುವಂಥವು. ಕೆಳಗಿನ ಕೋಣೆಯಲ್ಲಿ ಚಿಕ್ಕಮ್ಮ ಅವನ್ನು ಹಾಕದೆ ನಿಂತದ್ದನ್ನು ಭೂತಗನ್ನಡಿ ನೋಡಿರಲೇ ಇಲ್ಲ. ಇಲ್ಲಿ ಬರಿಗೈ.

"ಬನ್ನಿ ಬನ್ನಿ. ಬೆಳಗಿನಿಂದ ಏನಾದ್ರೂ ತಿಂದ್ರಾ? ಮುಖ ನೋಡಿದ್ರೆ ಗೊತ್ತಾಗುತ್ತೆ, ಇಲ್ಲ. ನಮ್ಮಕ್ಕ ಬೇರೆಯವರಿಗೆ ಹಸಿವಾಗುತ್ತೆ ಅನ್ನೋದನ್ನೇ ಮರೀತಾಳೆ."

"ಆಮೇಲೆ ತಿಂತೀನಿ, ಚಿಕ್ಕಮ್ಮ."

"ಫ್ರೇಮ್ ಮೇಷ್ಟ್ರು ಸಿಕ್ಕಿದ್ರಾ? ಪಾಪ, ಅವರು ಅಂಥವರಲ್ಲ ಅಂತ ನಾನು ಅಕ್ಕನಿಗೆ ನಿನ್ನೆಯೇ ಹೇಳಿದೆ."

"ಹೌದು, ಅವರಲ್ಲ." ಭೂತಗನ್ನಡಿ ಗೋಡೆಗೆ ಒರಗಿ ನಿಂತಳು. "ಬ್ರಷ್ಷು ನಾಲಿಗೆಗೆ ತಾಗಿಸೋ ಅಭ್ಯಾಸ ಇನ್ನೂ ಬಿಟ್ಟಿಲ್ವಾ, ಚಿಕ್ಕಮ್ಮ?"

ಇಸ್ತ್ರಿಪೆಟ್ಟಿಗೆ ಕೈಗವಸಿನ ಮೇಲೆ ನಿಂತಿತು. ಒಂದು ಕ್ಷಣ, ಎರಡು ಕ್ಷಣ. ಸುಟ್ಟ ಹತ್ತಿಯ ವಾಸನೆ ಎದ್ದಿತು.

"ಸುಡ್ತಾ ಇದೆ."

"ಹ್ಞಾಂ?" ಚಿಕ್ಕಮ್ಮ ಪೆಟ್ಟಿಗೆ ಎತ್ತಿದರು. ಬಿಳಿಯ ಅಂಗೈಯ ನಡುವೆ ಕಂದು ಗುರುತು. ಅದನ್ನೇ ನೋಡುತ್ತ ಕೇಳಿದರು, "ನಿಮಗೆ ಹೇಗೆ ಗೊತ್ತಾಯ್ತು?"

"ಧೂಳಿನ ಜೊತೆ ಸೂಜಿಯ ಹೊಳಪನ್ನೂ ಮುಚ್ಚಿಬಿಟ್ಟಿದ್ದೀರಿ."

"ಸೂಜಿಯನ್ನ?" ಚಿಕ್ಕಮ್ಮ ನಿಜಕ್ಕೂ ಬೆಚ್ಚಿದರು. "ಇಲ್ಲ! ನಾನು... ಎಲ್ಲಿ, ತೋರಿಸಿ."

ರಟ್ಟು ತೆರೆದು ತೋರಿಸಿದಳು. ಮಸೂರ ಕೊಟ್ಟಳು. ಚಿಕ್ಕಮ್ಮ ಬಗ್ಗಿ ನೋಡಿದರು, ನೋಡುತ್ತಲೇ ಇದ್ದರು. ಭುಜ ಅಲುಗಾಡಿತು. ಅಳುತ್ತಿದ್ದಾರೆ ಎಂದುಕೊಂಡಳು ಭೂತಗನ್ನಡಿ. ಅವರು ನಗುತ್ತಿದ್ದರು.

"ಅಯ್ಯೋ ಕರ್ಮವೇ. ನಾಲ್ಕು ವರ್ಷ ಆ ಸ್ಟುಡಿಯೋದಲ್ಲಿ ದಿನಕ್ಕೆ ನಲವತ್ತು ಫೋಟೋ. ಬಿಳೀದು ಉಳಿದರೆ ಬೈಗುಳ. ಕೈಗೆ ಬುದ್ಧಿ ಎಲ್ಲಿಂದ ಬರಬೇಕು? ಅದರ ಪಾಡಿಗೆ ಅದು ಮುಚ್ಚಿಕೊಂಡು ಹೋಗಿದೆ."

"ಕೈ ಸರಿ. ಕಣ್ಣು?"

"ನಾನು ಸೂಜಿ ನೋಡ್ತಾ ಇರಲಿಲ್ಲ." ನಗು ನಿಂತಿತು. "ಮುಖ ನೋಡ್ತಾ ಇದ್ದೆ."

ಮಸೂರ ಹಿಂದಕ್ಕೆ ಕೊಡಲು ಅವರು ಕೈ ಚಾಚಿದರು. ಭೂತಗನ್ನಡಿ ತೆಗೆದುಕೊಳ್ಳಲಿಲ್ಲ. ಅವಳ ದೃಷ್ಟಿ ಆ ಕೈಯ ಮೇಲೆ ನಿಂತಿತ್ತು. ಉಬ್ಬಿದ ನರಗಳು, ಸವೆದ ಉಗುರು; ಒಳಕ್ಕೆ ಮುದುಡಿ, ಉಳಿದ ಬೆರಳುಗಳಿಂದ ಬೇರೆಯಾಗಿ ನಿಂತ ಕಿರುಬೆರಳು.

ಅವಳು ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಎದುರಿನ ಮುಖ.

"ನೀವು," ಎಂದಳು.

"ಹತ್ತೊಂಬತ್ತು ವರ್ಷ ಆಗ." ಚಿಕ್ಕಮ್ಮ ಸುಟ್ಟ ಕೈಗವಸನ್ನು ಮಡಿಸಿದರು, ಬಿಚ್ಚಿದರು. "ಈ ಫೋಟೋ ತೆಗೆದೋರು ಆಗಿನ್ನೂ ಹೆಸರಿಲ್ಲದ ಹುಡುಗ. ನಮ್ಮ ಸ್ಟುಡಿಯೋದ ಡಾರ್ಕ್‌ರೂಮ್ ಬಳಸ್ಕೊಳ್ಳೋಕೆ ಬರೋರು. ಒಂದು ಮಧ್ಯಾಹ್ನ ನಾನು ಕಿತ್ತುಹೋದ ಗುಂಡಿ ಹೊಲೀತಾ ಇದ್ದೆ. ಟಪ್ ಅಂತ ಸದ್ದಾಯ್ತು. ಕೇಳಲಿಲ್ಲ, ಹೇಳಲಿಲ್ಲ. ಆಮೇಲೆ ಅವರೂ ಎಲ್ಲಿಗೋ ಹೋದ್ರು, ನಾನೂ ಮರೆತೆ. ಹದಿನೇಳು ವರ್ಷದ ಹಿಂದೆ ಅಕ್ಕ ಒಂದು ಪೊಟ್ಟಣ ಬಿಚ್ಚಿ, ನೋಡೇ ಎಂಥ ಕೈ ಅಂದಳು. ನೋಡಿದರೆ ನಾನು!"

"ಅವರಿಗೆ ಹೇಳಲಿಲ್ವಾ?"

"ಅವಳೇ ಹೇಳಲಿ ಅಂತ ಕಾದೆ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದೋರು ನಾವು. ಇವತ್ತು ಗುರುತು ಹಿಡೀತಾಳೆ, ನಾಳೆ ಹಿಡೀತಾಳೆ ಅಂತ ಕಾದೆ. ಬಂದೋರಿಗೆಲ್ಲ ತೋರಿಸೋಳು. ಈ ಬೆರಳು ನೋಡಿ, ಈ ಬಡತನ ನೋಡಿ, ಎಷ್ಟು ಘನತೆ ಅನ್ನೋಳು. ನಾನು ಪಕ್ಕದಲ್ಲೇ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ." ಗವಸನ್ನು ಮತ್ತೆ ಮಡಿಸಿದರು. "ಅವಳ ಓದಿಗೋಸ್ಕರ ನಾನು ಆ ಸ್ಟೂಲ್ ಮೇಲೆ ಕೂತಿದ್ದು. ಆ ನಾಲ್ಕು ವರ್ಷದ ಗುರುತು ಅಂತ ನನ್ನ ಹತ್ತಿರ ಏನೂ ಇಲ್ಲ. ಇದೊಂದು ಬಿಟ್ಟರೆ."

ಹೆಂಗಸರು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೇಳುವಾಗ ನಡುವೆ ಬಾಯಿ ಹಾಕಿದರೆ ಅದು ಮತ್ತೆ ಒಳಗೇ ಹೋಗುತ್ತದೆ.

"ಮ್ಯೂಸಿಯಂ ಮಾತು ಬಂದ ವಾರವೇ ಮಾಡಿದೆ. ರಿಜಿಸ್ಟರಿಗೆ ಫೋಟೋದ ಫೋಟೋ ತೆಗೆಯೋಳು ಹೇಗಿದ್ರೂ ನಾನೇ. ಮೇಲಿನ ಬಚ್ಚಲಲ್ಲಿ ಪ್ರಿಂಟು ತೆಗೆಯೋ ಹಳೇ ಎನ್‌ಲಾರ್ಜರ್ ಹೂಡಿದೆ. ನೂರ ಹನ್ನೊಂದು ಅವಳದು, ಹೋಗಲಿ. ನನ್ನನ್ನ ಯಾಕೆ ಕಳಿಸಬೇಕು? ಗುರುತಿಲ್ಲದೋರು ಬಂದು ನಿಂತು ನೋಡೋಕಾ? ಕಳ್ಳಿ ಅನ್ನಿ ಬೇಕಾದ್ರೆ."

"ಅನ್ನಲ್ಲ," ಎಂದಳು ಭೂತಗನ್ನಡಿ. ಗಡಿಯಾರ ನೋಡಿದಳು. ನಾಲ್ಕು ಇಪ್ಪತ್ತು. "ಆದರೆ ಕೇಳಿ. ಇಲ್ಲಿ ಈ ನಕಲು ಇದ್ದರೆ ನಾನು ಸಹಿ ಹಾಕೋಕಾಗಲ್ಲ. ನಾನು ಹಾಕದಿದ್ರೆ ನಿಮ್ಮಕ್ಕನ ಇಪ್ಪತ್ತಾರು ವರ್ಷ ಈ ಮನೇಲೇ ಕೊಳೆಯುತ್ತೆ. ಹೋದ ವರ್ಷ ಎದೆ ಆಪರೇಷನ್ ಆಗಿರೋರು ಅವರು. ನಿಮಗಿಂತ ಚೆನ್ನಾಗಿ ನನಗೆ ಗೊತ್ತಾ?"

ಚಿಕ್ಕಮ್ಮ ಸುಟ್ಟ ಗವಸನ್ನು ರಾಶಿಯಿಂದ ಬೇರೆ ಇಟ್ಟರು.

"ಐದರೊಳಗೆ ಅಸಲಿ ಡಬ್ಬಿಗೆ ವಾಪಸು ಬಂದರೆ ನಾನು ಸಹಿ ಹಾಕ್ತೀನಿ. ಯಾರು ತೆಗೆದಿದ್ರು ಅಂತ ಬರೆಯೋ ಜಾಗ ಆ ಕಾಗದದಲ್ಲಿ ಇಲ್ಲ."

ಹೇಳುವಾಗ ತನ್ನ ಧ್ವನಿ ತನಗೇ ಕೆಟ್ಟದಾಗಿ ಕೇಳಿಸಿತು. ಬೇಡುತ್ತಿದ್ದಾಳೋ ಹೆದರಿಸುತ್ತಿದ್ದಾಳೋ? ಈ ಹೆಂಗಸಿನ ಕೈಯಿಂದ ಅವಳ ಮುಖವನ್ನೇ ಕಿತ್ತುಕೊಂಡು ತನ್ನ ಹೆಸರು ಉಳಿಸಿಕೊಳ್ಳಲು ಹೊರಟಿದ್ದಳು. ಗೊತ್ತಿದ್ದೂ ಕೈ ಚಾಚಿಯೇ ನಿಂತಳು.

ಉಳಿದ ಗವಸುಗಳ ಇಸ್ತ್ರಿ ಒಂದೊಂದಾಗಿ ಮುಗಿಯಿತು. ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತರು. ಬಟ್ಟೆಯ ಬೀರು ತೆರೆದು, ಚಳಿಗಾಲದ ಹೊದಿಕೆಗಳ ಅಡಿಯಿಂದ ಚಪ್ಪಟೆ ಪೆಟ್ಟಿಗೆಯೊಂದನ್ನು ಎಳೆದರು. ಗವಸು ಹಾಕಿಕೊಂಡರು, ಅಷ್ಟು ಕಳವಳದಲ್ಲೂ ಅದನ್ನು ಮರೆಯಲಿಲ್ಲ.

"ಅಕ್ಕನಿಗೆ ಹೇಳಬೇಡಿ. ಅವಳು ನನ್ನನ್ನ ಗುರುತು ಹಿಡಿಯಲಿಲ್ಲ ಅನ್ನೋದನ್ನ. ಕದ್ದೆ ಅಂತ ಬೇಕಾದ್ರೆ ಹೇಳಿ, ತಡ್ಕೋತಾಳೆ. ಇದನ್ನ ತಡ್ಕೊಳ್ಳಲ್ಲ."

ಪೆಟ್ಟಿಗೆಯೊಳಗೆ ತೆಳು ಕಾಗದ. ಅದರೊಳಗೆ ಅದೇ ಕಿಟಕಿ, ಅದೇ ಹುಡುಗಿ. ಸೂಜಿಯ ಮೊನೆಯಲ್ಲಿ ಬೆಳಕು ಜೀವಂತವಾಗಿತ್ತು. ನಕಲಿನಲ್ಲಿ ಮಸುಕಾಗಿದ್ದ ದಾರದ ಎಳೆಗಳು ಇಲ್ಲಿ ಒಂದೊಂದೂ ಬೇರೆ ಬೇರೆ. ಫೋಟೋದ ಫೋಟೋ ಅಲ್ಲ ಇದು, ಮೂಲ ನೆಗೆಟಿವ್‌ನಿಂದಲೇ ಬಂದ ಪ್ರಿಂಟು. ಸಂದೇಹವೇ ಇಲ್ಲ.

ಹಾಗೇ ಎತ್ತಿಕೊಂಡು ಇಳಿದುಬಿಡಬಹುದಿತ್ತು. ಎಂಟು ವರ್ಷದ ಹಿಂದಿನವಳಾಗಿದ್ದರೆ ಇಳಿದಿರುತ್ತಿದ್ದಳು.

"ಪರದೆ ಎಳೀರಿ, ಚಿಕ್ಕಮ್ಮ."

"ಯಾಕೆ? ನಾನು ಕೊಟ್ಟಿದ್ದನ್ನೂ ನಂಬಲ್ವಾ?"

"ನಂಬ್ತೀನಿ. ಆದರೂ ಎಳೀರಿ."

ಕೋಣೆ ಕತ್ತಲಾಯಿತು. ಅವಳು ದೀಪದ ಗುಂಡಿ ಒತ್ತಿದಳು.

ಮೊದಲು ನಕಲು. ನೀಲಿಯಾಗಿ ಉರಿಯಿತು.

ಆಮೇಲೆ ಪೆಟ್ಟಿಗೆಯಲ್ಲಿದ್ದದ್ದು.

ಅದೂ ಉರಿಯಿತು.

ಇಬ್ಬರು ಹೆಂಗಸರ ಗಲ್ಲದ ಮೇಲೂ ಆ ನೀಲಿ ಬೆಳಕು ಬಿದ್ದಿತ್ತು. ಚಿಕ್ಕಮ್ಮನಿಗೆ ದೀಪದ ವಿಷಯ ಗೊತ್ತಿರಲಿಲ್ಲ, ಆದರೆ ಎದುರಿನವಳ ಮುಖ ಓದಲು ಬರುತ್ತಿತ್ತು.

"ಏನಾಯ್ತು?"

"ಇದನ್ನ ಯಾರು ಮಾಡಿದ್ದು?"

"ಇದು ಅಸಲಿ ಕಣ್ರೀ! ಡಬ್ಬಿಯಿಂದ ನಾನೇ ತೆಗೆದಿದ್ದು. ನನ್ನ ಕೈಯಾರೆ."

"ತೆಗೆದಿದ್ದು ನೀವೇ. ಆದರೆ ನೀವು ತೆಗೆಯೋ ಹೊತ್ತಿಗೇ ಅಲ್ಲಿದ್ದದ್ದು ನಕಲು. ಈ ಕಾಗದ ಅವರು ಯಾವತ್ತೂ ಮುಟ್ಟಿದವರಲ್ಲ. ನೆಗೆಟಿವ್ ಕೈಗೆ ಸಿಕ್ಕಿದ ಯಾರೋ ಮಾಡಿಸಿದ್ದು."

ಚಿಕ್ಕಮ್ಮ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು. "ಹಾಗಾದ್ರೆ ಮೂರು ತಿಂಗಳಿಂದ ನಾನು ಹೊದಿಕೆ ಅಡಿ ಇಟ್ಕೊಂಡು, ದಿನಾ ತೆಗೆದು ನೋಡಿ..."

ಅವರು ತೆರೆದಿದ್ದ ಬೀರಿನ ಕಡೆ ತಿರುಗಿದರು.

ಬೀಗದ ಕೈ ಮೂವರ ಹತ್ತಿರ. ಮೇಷ್ಟ್ರಲ್ಲ. ಚಿಕ್ಕಮ್ಮ ಇಲ್ಲಿ, ಕಣ್ಣೆದುರು, ಮೋಸಹೋಗಿ ಕೂತಿದ್ದಾರೆ. ಸೂಜಿಯ ಹೊಳಪು ಇರಲೇಬೇಕು ಅಂದವರು ಯಾರು? ಇಂಥ ದೀಪವೂ ಇದೆಯಾ ಎಂದು ಕೇಳಿದವರು ಯಾರು? ಒಂದು ತಿಂಗಳು ಕಾಯುವವರು ಈ ಒಂದಕ್ಕೆ ಮಾತ್ರ ಬಂದ ದಿನವೇ ಒಪ್ಪಿದ್ದೇಕೆ?

ಕೊನೆಯ ಪ್ರಶ್ನೆ ಬಂದಾಗ ಅವಳ ಕಿವಿ ಬಿಸಿಯಾಯಿತು. ಮೂರು ಹೆಸರುಗಳಲ್ಲಿ ಕೆಟ್ಟ ಹೆಸರಿನವಳನ್ನೇ ಯಾಕೆ ಆರಿಸಿದರು? ಒಳ್ಳೆಯ ಮಾತಾಡಿ ಕುರ್ಚಿ ಎಳೆದು ಕೊಟ್ಟರೆ ದೀಪ ತೆಗೆಯದವಳು ಬೇಕಾಗಿತ್ತು.

ಕೆಳಗೆ ಗಾಡಿ ನಿಂತ ಸದ್ದು. ಬಾಗಿಲುಗಳು ತೆರೆದು ಮುಚ್ಚಿದವು. ಹತ್ತು ನಿಮಿಷ ಮುಂಚೆಯೇ ಬಂದಿದ್ದರು.

ಮೆಟ್ಟಿಲ ಮೇಲೆ ಹೆಜ್ಜೆ. ಒಂದೇ ಜೋಡಿ, ನಿಧಾನವಾದದ್ದು, ನಡುವೆ ಉಸಿರಿಗಾಗಿ ನಿಲ್ಲುವಂಥದ್ದು. ಚಿಕ್ಕಮ್ಮ ಗಾಬರಿಯಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು. ಭೂತಗನ್ನಡಿ ಆ ಕೈ ಹಿಡಿದು ತಡೆದಳು.

"ಇರಲಿ. ಅಲ್ಲೇ ಇರಲಿ."

ದೀಪ ಆರಿಸಿ ಪರದೆ ಸರಿಸುವಷ್ಟರಲ್ಲಿ ಡಾಕ್ಟರಮ್ಮ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಮ್ಯೂಸಿಯಂನ ಕಾಗದ, ಇನ್ನೊಂದರಲ್ಲಿ ಪೆನ್ನು. ಇಸ್ತ್ರಿ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದ ಎರಡು ಚಿತ್ರಗಳನ್ನು ನೋಡಿದರು. ತಂಗಿಯ ಕಡೆ ನೋಡಲಿಲ್ಲ.

"ಸಿಕ್ಕಿತಲ್ಲ. ಒಳ್ಳೇದಾಯ್ತು. ಯಾರು ಏನು ಅಂತ ಆಮೇಲೆ ನೋಡೋಣ." ಕಾಗದವನ್ನು ಚಾಚಿದರು. ಧ್ವನಿ ಸಹಜವಾಗಿತ್ತು, ಹೆರಿಗೆ ಕೋಣೆಯ ಹೊರಗೆ ಕಾದವರಿಗೆ ಧೈರ್ಯ ಹೇಳುವಂಥದ್ದು. "ಎರಡರಲ್ಲಿ ಚೆನ್ನಾಗಿ ಬಂದಿರೋದನ್ನ ಡಬ್ಬಿಗೆ ಹಾಕಿ, ಸಹಿ ಮಾಡಿಬಿಡಿ. ಅವರು ಕೆಳಗೆ ಕಾಯ್ತಿದ್ದಾರೆ."

ಭೂತಗನ್ನಡಿ ಕಾಗದ ತೆಗೆದುಕೊಂಡಳು. ಪೆನ್ನೂ ತೆಗೆದುಕೊಂಡಳು. ಆಮೇಲೆ ಎರಡನ್ನೂ ಮೇಜಿನ ಮೇಲಿಟ್ಟಳು.

"ಕದ್ದ ಮಾಲು ಸಿಕ್ಕಿದವರು, ಅಸಲಿಯನ್ನ ಹಾಕಿ ಅಂತಾರೆ. ನೀವು ಚೆನ್ನಾಗಿ ಬಂದಿರೋದನ್ನ ಹಾಕಿ ಅಂದ್ರಿ." ಅವಳು ದೀಪವನ್ನು ಚಿತ್ರಗಳ ಪಕ್ಕಕ್ಕೆ ಸರಿಸಿದಳು. "ಎರಡೂ ನಕಲು ಅಂತ ಈ ಕೋಣೆಯ ಹೊರಗೆ ನಾನಿನ್ನೂ ಯಾರಿಗೂ ಹೇಳಿಲ್ಲ, ಡಾಕ್ಟರಮ್ಮ. ಅಸಲಿ ಈ ಮನೆಯಲ್ಲೇ ಇಲ್ಲ ಅನ್ನೋದು ನಿಮಗೆ ಮೊದಲೇ ಗೊತ್ತಿತ್ತು."

ಡಾಕ್ಟರಮ್ಮನ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಕೆಳಗಿನಿಂದ ಯಾರೋ ಕೂಗಿದರು, "ಮೇಡಂ, ಡಬ್ಬಿಗಳನ್ನ ಇಳಿಸೋಣವಾ?"

"ರಿಜಿಸ್ಟರಿನ ನಲವತ್ತೊಂದನೇ ಸಾಲಿನಲ್ಲಿ ಎರಡೂ ದಿನಾಂಕ ಒಂದೇ ಇದೆ," ಭೂತಗನ್ನಡಿ ಮೆಲ್ಲಗೆ ಹೇಳಿದಳು. "ನಿಮಗೆ ಒಂದು ತಿಂಗಳು ಬೇಕಾಗಲಿಲ್ಲ. ನೋಡಿದ ಕೂಡಲೇ ಅದು ಯಾರ ಕೈ ಅಂತ ಗೊತ್ತಾಗಿತ್ತು. ಅಲ್ವಾ?"

ಈಗ ಡಾಕ್ಟರಮ್ಮ ತಂಗಿಯ ಕಡೆ ನೋಡಿದರು, ನೋಡಲೇಬೇಕಾಯಿತು.

ಚಿಕ್ಕಮ್ಮ ಸ್ಟೂಲಿನಿಂದ ಎದ್ದು ನಿಂತಿದ್ದರು. ಒಂದೊಂದೇ ಬೆರಳಾಗಿ ಗವಸು ಬಿಚ್ಚಿ ಕೆಳಗೆ ಹಾಕಿದರು. ಆ ಮನೆಯಲ್ಲಿ ಯಾರೂ ಕೇಳಿರದಷ್ಟು ತಣ್ಣನೆಯ ಧ್ವನಿಯಲ್ಲಿ ಕೇಳಿದರು:

"ನನ್ನನ್ನ ಯಾರಿಗೆ ಕೊಟ್ಟೆ, ಅಕ್ಕಾ?"